ಹಿಂದಿನಿಂದ ಓದಿದ ಪುಸ್ತಕ

ಆಗ ನಮ್ಮೂರಿನ ಅರ್ಧಕ್ಕರ್ಧ ಗಂಡಸರು ಏರ್‌ಪೋರ್ಟಿಗೆ ಕಾರು ಓಡಿಸುತ್ತಿದ್ದರು. ಕಾರಿನ ಸೀಟಿನ ಸಂದಿಯಲ್ಲಿ ಏನು ಸಿಕ್ಕಿತು ಅನ್ನುವುದೇ ನಮ್ಮ ಓರಗೆಯ ಮಕ್ಕಳಿಗೆ ಭಾನುವಾರದ ದೊಡ್ಡ ಸುದ್ದಿ. ಒಬ್ಬರ ಮನೆಗೆ ಒಂದೇ ಕಿವಿಯ ಇಯರ್‌ಫೋನು, ಇನ್ನೊಬ್ಬರ ಮನೆಗೆ ಯಾವುದೋ ದೇಶದ ಅರ್ಧ ಕರಗಿದ ಚಾಕೊಲೇಟು. ಬೆಲೆಬಾಳುವುದು ಸಿಕ್ಕರೆ ಅಪ್ಪ ಆಫೀಸಿಗೆ ಒಪ್ಪಿಸಿ ಬರುತ್ತಿದ್ದ. ಯಾರೂ ಕೇಳಿಕೊಂಡು ಬಾರದ್ದು ಮಾತ್ರ ಮನೆ ಸೇರುತ್ತಿತ್ತು. ಹಾಗೆ ಸೇರಿದ್ದು ಆ ಪುಸ್ತಕ.

ಕಾರು ತೊಳೆಯುವಾಗ ಹಿಂದಿನ ಸೀಟಿನ ಕೆಳಗೆ ಅದನ್ನು ಕಂಡವಳು ಮಂಜು. ನಾನು ಆಗ ನಾಲ್ಕನೇ ಕ್ಲಾಸು, ಮಂಜು ಒಂಬತ್ತನೇ ಕ್ಲಾಸು. ಶಾಲೆಯ ರಿಜಿಸ್ಟರಿನಲ್ಲಿ ಮಂಜುನಾಥ. ನಾನು ಕರೆಯುತ್ತಿದ್ದುದು ಅಣ್ಣ ಎಂದು. ಇವತ್ತು ಅವಳು ನನಗೆ ಅಕ್ಕ. ಹಾಗಾಗಿ ಇಲ್ಲಿ ಅವಳು ಎಂದೇ ಬರೆಯುತ್ತೇನೆ. ಅವತ್ತಿನ ಮಾತುಗಳನ್ನು ಮಾತ್ರ ಅವತ್ತು ಆಡಿದ ಹಾಗೆಯೇ ಇಡುತ್ತೇನೆ. ಇಷ್ಟಾದರೂ ನೆಟ್ಟಗೆ ಮಾಡಬೇಕಲ್ಲ ನಾನು.

ಅದು ಜಪಾನಿನ ಚಿತ್ರಕಥೆ, ಇಂಗ್ಲಿಷಿನಲ್ಲಿತ್ತು. ಅಂಥದ್ದನ್ನು ಮಾಂಗಾ ಅನ್ನುತ್ತಾರೆಂದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ರಟ್ಟು ಕಿತ್ತುಹೋಗಿತ್ತು, ನಾನು ನೋಡುವಾಗ ಮೊದಲ ಹಾಳೆಯೂ ಇರಲಿಲ್ಲ. ಅಪ್ಪ ನಾಲ್ಕು ದಿನ ಅದನ್ನು ಕಾರಿನಲ್ಲೇ ಇಟ್ಟುಕೊಂಡು ತಿರುಗಿದ. ಯಾರೂ ಕೇಳಲಿಲ್ಲ. "ಬೊಂಬೆ ಪುಸ್ತಕ ಕಣ್ರೋ, ನೀವೇ ಮಡಿಕ್ಕಳಿ" ಎಂದು ನಮ್ಮ ಕೈಗೇ ಕೊಟ್ಟ.

ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ನಲ್ಲೂರಿನ ಹುಣಸೆ ತೋಪಿಗೆ ಹೋಗುತ್ತಿದ್ದೆವು. ಎಳೆ ಹುಣಸೆಕಾಯಿ, ಕಾಗದದಲ್ಲಿ ಕಟ್ಟಿದ ಉಪ್ಪು ಖಾರದಪುಡಿ, ನಡುವೆ ಆ ಪುಸ್ತಕ. ಚಪ್ಪರಿಸಿ ಹಲ್ಲು ಜುಂ ಎನ್ನುತ್ತಿದ್ದರೂ ಪುಟ ತಿರುಗಿಸುವುದು ನಿಲ್ಲುತ್ತಿರಲಿಲ್ಲ. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಚಿತ್ರ ನೋಡುವುದು, ಕೂಡಿಸಿ ಕೂಡಿಸಿ ಒಂದೆರಡು ಮಾತು ಓದುವುದು. ಆ ಪುಸ್ತಕದ ಜನ ಮೊದಲು ಉತ್ತರ ಹೇಳಿ ಆಮೇಲೆ ಪ್ರಶ್ನೆ ಕೇಳುತ್ತಿದ್ದರು. ಜಪಾನಿನವರ ಮಾತೇ ಹಾಗೇನೋ ಅಂದುಕೊಂಡು ನಾನು ಸುಮ್ಮನಾದೆ.

ಕಥೆ ಒಂದು ಊಟದಿಂದ ಶುರುವಾಗುತ್ತಿತ್ತು. ಗಿಡ್ಡ ಮೇಜಿನ ಸುತ್ತ ಅಪ್ಪ, ಅಮ್ಮ, ತಮ್ಮ, ಉದ್ದ ಕೂದಲಿನ ಒಬ್ಬಳು ಹುಡುಗಿ. ಎಲ್ಲರೂ ನಗುತ್ತಿದ್ದಾರೆ. ಅಪ್ಪ ತನ್ನ ಬಟ್ಟಲಿನ ಮೀನನ್ನು ಅವಳ ಕಡೆ ತಳ್ಳುತ್ತಿದ್ದಾನೆ. ಪುಟ ಹೋದ ಹಾಗೆ ಹುಡುಗಿಯ ಕೂದಲು ಗಿಡ್ಡವಾಗುತ್ತದೆ. ಅಮ್ಮ ಅಳುತ್ತಾಳೆ, ಅಪ್ಪ ಬಾಗಿಲು ಬಡಿದುಕೊಂಡು ಹೋಗುತ್ತಾನೆ. ಹುಡುಗಿಯ ಲಂಗ ಪ್ಯಾಂಟಾಗುತ್ತದೆ. ಕೊನೆಗೆ ತಲೆ ಸಣ್ಣಗೆ ಕತ್ತರಿಸಿದ ಒಬ್ಬ ಹುಡುಗ ಅದೇ ಮೇಜಿನ ಮುಂದೆ ಒಬ್ಬನೇ ಕೂತು ಅನ್ನ ನೋಡುತ್ತಿರುತ್ತಾನೆ.

"ಯಾಕಣ್ಣ ಅವ್ಳನ್ನ ಹುಡುಗನ್ ಮಾಡ್ಬಿಟ್ರು?" ಎಂದು ನಾನು ಕೇಳುತ್ತಿದ್ದೆ.

"ಮನೇವ್ರಿಗೆ ಗೊತ್ತಾಯ್ತೇನೋ," ಅನ್ನುತ್ತಿದ್ದಳು ಮಂಜು.

"ಏನು ಗೊತ್ತಾಯ್ತು?"

"ಹುಣಸೇಕಾಯಿ ತಿನ್ನು, ಸಾಕು."

ನನಗೆ ಎಂಥ ಗುಟ್ಟೂ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅಮ್ಮ ಹಾಲಿಗೆ ನೀರು ಬೆರೆಸಿದ್ದನ್ನು ಡೇರಿಯವರಿಗೆ ಹೇಳಿ ಒದೆ ತಿಂದವಳು ನಾನು. ಮನೆಯಲ್ಲಿ ನನಗೆ ಆಕಾಶವಾಣಿ ಎಂದೇ ಹೆಸರು. ಆದರೂ ಒಂದು ವಿಷಯ ನನಗೆ ಗೊತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜಿ ಬದುಕಿದ್ದಾಗ ಸಂಜೆ ಹೂ ಕಟ್ಟಿ, ಮಿಕ್ಕ ಒಂದು ತುಂಡು ಕನಕಾಂಬರವನ್ನು ಮಂಜುವಿನ ಕೂದಲಿಗೆ ಸಿಕ್ಕಿಸುತ್ತಿದ್ದಳು. ಮಂಜುವಿನದು ಕತ್ತಿನವರೆಗೆ ಇಳಿಬಿದ್ದ ಕೂದಲು. "ಚೆನ್ನಾಗ್ ಕಾಣ್ತದೆ ಕಣ್ಲಾ, ಇರ್ಲಿ ಬಿಡು" ಅನ್ನುತ್ತಿದ್ದಳು ಅಜ್ಜಿ. ಅಪ್ಪನ ಕಾರಿನ ಸದ್ದು ಕೇಳಿದರೆ ತಾನೇ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಿತ್ತು. ಹೆಣ್ಣುಹುಡುಗಿ ನಾನಿರುವಾಗ ಆ ಹೂವು ಅಲ್ಲಿಗೇಕೆ ಹೋಗಬೇಕು?

ಆ ವರ್ಷ ಅಜ್ಜಿ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ನಮ್ಮ ಕಡೆ ಆ ಹಬ್ಬಕ್ಕೆ ನಡುಮನೆಯಲ್ಲಿ ಕಳಶ ಇಟ್ಟು, ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಎಡೆ ಬಡಿಸುತ್ತಾರೆ. ತಾತನಿಗೆ ಪಂಚೆ, ಒಂದು ಕಟ್ಟು ಬೀಡಿ. ಅಜ್ಜಿಗೆ ಕೆಂಪು ಅಂಚಿನ ಹಸಿರು ಸೀರೆ, ಎಲೆ ಅಡಿಕೆ, ಕಡ್ಡಿಪುಡಿ. ಬಾಡಿನ ಸಾರು, ಮುದ್ದೆ, ವಡೆ, ಕಜ್ಜಾಯ. ಸಾಂಬ್ರಾಣಿ ಹಾಕಿ, ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಅಂಗಳಕ್ಕೆ ಬಂದು ಕೂರಬೇಕು. ಆ ಹೊತ್ತಿನಲ್ಲಿ ಹಿರಿಯರು ಬಂದು ಊಟ ಮಾಡಿ ಹೋಗುತ್ತಾರೆ. ಒಳಗೆ ಯಾರೂ ಇಣುಕುವ ಹಾಗಿಲ್ಲ. ವರ್ಷದಲ್ಲಿ ನಮ್ಮ ಮನೆ ಪೂರ್ತಿ ಖಾಲಿಯಾಗುವುದು ಆ ಅರ್ಧ ಗಂಟೆ ಮಾತ್ರ.

ಸಂಜೆ ಎಲ್ಲರೂ ಅಂಗಳಕ್ಕೆ ಬಂದರು. ಅಪ್ಪ, ಅಮ್ಮ, ಅಪ್ಪನ ಅಕ್ಕ ದೊಡ್ಡತ್ತೆ, ಚಿಕ್ಕಪ್ಪಂದಿರು, ಅವರ ಮಕ್ಕಳು. ಮಂಜು ನನ್ನ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ಪುಟ್ಟಿ, ಇಲ್ಲೇ ನಿಂತ್ಕೊ. ಯಾರಾದ್ರೂ ಬಂದ್ರೆ ಜೋರಾಗಿ ಕೆಮ್ಮು."

"ಒಳಗೆ ಹೋಗ್ಬಾರ್ದು ಕಣಣ್ಣ! ಅಜ್ಜಿ ಊಟ ಮಾಡ್ತಿರ್ತಾಳೆ."

"ಅದಕ್ಕೇ ಹೋಗ್ತಿರೋದು. ಅಜ್ಜಿಗೆ ಒಂದ್ಸಲ ತೋರಿಸ್ಬೇಕು. ಯಾರಿಗೂ ಹೇಳ್ಬೇಡ ಕಣೇ. ಅಜ್ಜಿ ಆಣೆ."

"ಅಜ್ಜಿ ಆಣೆ" ಎಂದೆ ನಾನು, ತಲೆಯ ಮೇಲೆ ಕೈ ಇಟ್ಟುಕೊಂಡು.

ಕಾವಲು ಕಾಯುವ ಬದಲು ನಾನು ಕದದ ಸಂದಿಗೆ ಕಣ್ಣಿಟ್ಟೆ. ಸಾಂಬ್ರಾಣಿ ಹೊಗೆಯಲ್ಲಿ ಮಂಜು ಆ ಹಸಿರು ಸೀರೆಯನ್ನು ಅಂಗಿ ಚಡ್ಡಿಯ ಮೇಲೇ ಸುತ್ತಿಕೊಂಡಿದ್ದಳು. ನೆರಿಗೆ ಒಂದು ಕಡೆ ಜೋಲುತ್ತಿತ್ತು. ತಲೆಯ ಮೇಲೆ ಸೆರಗು ಹೊದ್ದು, ಕಳಶದ ಮುಂದೆ ಮಂಡಿಯೂರಿ, ಕೈ ಮುಗಿದು, "ಅಜ್ಜಿ, ನಾನು ಕಣಜ್ಜಿ" ಅಂದಳು. ಇನ್ನೇನೋ ಹೇಳಿದಳು, ಕೇಳಿಸಲಿಲ್ಲ. ಆ ಮುಖದಲ್ಲಿದ್ದಂಥ ನೆಮ್ಮದಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ಗಡಿಬಿಡಿಯಲ್ಲಿ ಸೀರೆ ಮಡಚಿಟ್ಟಳು. ಅಂಗಡಿಯ ಮಡಿಕೆ ಮತ್ತೆ ಕೂರುತ್ತದೆಯೇ? ಕಳಶದ ಕುಂಕುಮ ಬೇರೆ ಅಂಚಿಗೆ ಮೆತ್ತಿಕೊಂಡಿತ್ತು. ನಾವು ಹಿತ್ತಿಲಿನಿಂದ ಸುತ್ತಿಕೊಂಡು ಬಂದು, ಏನೂ ಗೊತ್ತಿಲ್ಲದವರ ಹಾಗೆ ಅಂಗಳದಲ್ಲಿ ಕೂತೆವು.

ಅಪ್ಪ ಬಾಗಿಲು ತೆಗೆದ. ಮೊದಲು ಒಳಗೆ ಹೋದ ದೊಡ್ಡತ್ತೆ ಕೂಗಿಕೊಂಡಳು. "ಲೋ, ಬಂದು ನೋಡ್ರೋ! ಸೀರೆ ಮಡಿಕೆ ಬಿಚ್ಚೈತೆ! ಅವ್ವ ಉಟ್ಟವ್ಳೆ ಕಣ್ರೋ!"

ಎಲ್ಲರೂ ನುಗ್ಗಿದರು. ಅಮ್ಮ ಗಲ್ಲ ಗಲ್ಲ ಬಡಿದುಕೊಂಡಳು. ಅಂಚಿನ ಕುಂಕುಮ ನೋಡಿ ಚಿಕ್ಕಪ್ಪ ಚಪ್ಪಲಿ ಬಿಟ್ಟಿದ್ದೇನೋ ಇಲ್ಲವೋ ಎಂದು ಕಾಲು ನೋಡಿಕೊಂಡ. ಅಪ್ಪ ಮಾತ್ರ ಸೀರೆಯ ಮುಂದೆ ಕುಸಿದು ಕೂತುಬಿಟ್ಟ. ಅಜ್ಜಿಯ ಪ್ರಾಣ ಹೋದಾಗ ಅಪ್ಪ ಏರ್‌ಪೋರ್ಟಿನ ಪ್ಯಾಸೆಂಜರನ್ನು ಕೂರಿಸಿಕೊಂಡು ಹೋಗಿದ್ದ. ಫೋನು ಬಂದರೂ ತೆಗೆದಿರಲಿಲ್ಲ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ಅಳದಿದ್ದವನು ಈಗ ಮಗುವಿನ ಹಾಗೆ ಅತ್ತ. "ಅವ್ವ ಬಂದವ್ಳೆ. ನನ್ ಮೇಲೆ ಕ್ವಾಪ ಇಲ್ಲ ಕಣೇ ಅವ್ಳಿಗೆ," ಎಂದು ಅಮ್ಮನ ಕೈ ಹಿಡಿದುಕೊಂಡ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಸಲ ಆ ನಡುಮನೆಗೆ ಹೋಗಿ ಆ ಒಂಬತ್ತು ವರ್ಷದ ಹುಡುಗಿಯ ಬಾಯಿ ಮುಚ್ಚಿದ್ದೇನೋ ಲೆಕ್ಕವಿಲ್ಲ. ಆದರೆ ಅವತ್ತು ಅಷ್ಟು ಜನ ದೊಡ್ಡವರು ತಪ್ಪು ತಿಳಿದುಕೊಂಡಿದ್ದಾರೆ, ಸರಿಯಾದದ್ದು ನನಗೊಬ್ಬಳಿಗೇ ಗೊತ್ತಿದೆ ಅನ್ನುವುದನ್ನು ಬಾಯೊಳಗೆ ಇಟ್ಟುಕೊಳ್ಳಲಾಗಲಿಲ್ಲ. ಜೊತೆಗೆ ಆ ಕನಕಾಂಬರದ ಹೊಟ್ಟೆಕಿಚ್ಚು.

"ಅಜ್ಜಿ ಅಲ್ಲ," ಎಂದೆ. "ಅಣ್ಣ ಉಟ್ಕೊಂಡಿದ್ದ. ನಾನೇ ನೋಡ್ದೆ."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಬಾರದೆ ಇದ್ದಿದ್ದರೆ ಅಪ್ಪ ಅಷ್ಟು ಕೆರಳುತ್ತಿರಲಿಲ್ಲವೇನೋ. ಅಮ್ಮನ ಕೈ ಬಿಟ್ಟು ಎದ್ದು ನಿಂತವನ ಮುಖದ ಮೇಲೆ ಇನ್ನೂ ಕಣ್ಣೀರಿತ್ತು. ಅದೇ ಮುಖದಲ್ಲೇ ಮಂಜುವಿಗೆ ಹೊಡೆದ. ಮಂಜು ಕೈ ಅಡ್ಡ ಹಿಡಿಯಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಕೋಪದಿಂದಲ್ಲ, ನಾನು ಮುಂದೆ ಇನ್ನೇನು ಹೇಳಿಬಿಡುತ್ತೇನೋ ಎಂಬ ಹೆದರಿಕೆಯಿಂದ. ನಾನು ಹೇಳಿದೆ ಕೂಡ. ಪುಸ್ತಕ ಎಲ್ಲಿದೆ ಎಂದು. ಅಪ್ಪ ಅದನ್ನು ತಿರುವಿ ನೋಡಿ, ಹಿತ್ತಿಲಿಗೆ ಹೋಗಿ ನೀರೊಲೆಗೆ ಹಾಕಿದ.

ದೊಡ್ಡತ್ತೆ ನನ್ನ ತಲೆ ಸವರಿ, "ನಿಜ ಹೇಳ್ತು ನೋಡು ಕೂಸು, ಜಾಣೆ," ಎಂದು ಎಡೆಯಿಂದ ಒಂದು ಕಜ್ಜಾಯ ತೆಗೆದು ಕೊಟ್ಟಳು. ತಿಂದೆ. ಇನ್ನೊಂದು ಕೇಳಿ ಇಸಿದುಕೊಂಡೂ ತಿಂದೆ. ಎಳ್ಳು ಮೆತ್ತಿದ್ದ ಕಜ್ಜಾಯ, ಒಳಗೆ ಬೆಲ್ಲ ಇನ್ನೂ ಮೆತ್ತಗಿತ್ತು.

ಮಾರನೆಯ ದಿನ ಅಪ್ಪ ಮಂಜುವನ್ನು ದೇವನಹಳ್ಳಿಯ ಕ್ಷೌರದಂಗಡಿಗೆ ಕರೆದುಕೊಂಡು ಹೋದ. ನಾನೂ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ವಾಪಸು ಬರುವಾಗ ಮಂಜು ಬೋಳು ಕತ್ತನ್ನು ಸವರಿಕೊಂಡು, ಅಪ್ಪನಿಗೆ ಕೇಳಿಸದ ಹಾಗೆ, "ಪುಸ್ತಕ ಮುಗೀತು ಕಣೇ ಪುಟ್ಟಿ," ಅಂದಳು.

ತಿಂಗಳೊಳಗೆ ಅವಳನ್ನು ಹಾಸ್ಟೆಲಿಗೆ ಹಾಕಿದರು. ಆಮೇಲೆ ಐಟಿಐ, ಆಮೇಲೆ ಸೋಂಪುರದಲ್ಲೊಂದು ಫ್ಯಾಕ್ಟರಿ ಕೆಲಸ. ಬರುವುದು ಹಬ್ಬಕ್ಕೆ ಎಂದಾಯಿತು, ಆಮೇಲೆ ಅದೂ ನಿಂತಿತು. ಈಗ ಅವಳು ನೆಲಮಂಗಲದಲ್ಲಿ ಇಬ್ಬರು ಗೆಳತಿಯರ ಜೊತೆ ಮನೆ ಮಾಡಿಕೊಂಡು ಬ್ಲೌಸ್ ಹೊಲಿಯುತ್ತಾಳೆ. ಸೀರೆ ಉಟ್ಟ ಫೋಟೋ ನನಗೆ ಕಳಿಸುತ್ತಾಳೆ. ಈಗ ನೆರಿಗೆ ಜೋಲುವುದಿಲ್ಲ. ಒಂದೂವರೆ ಗಂಟೆಯ ದಾರಿ ಅಷ್ಟೇ, ಆದರೆ ಅಪ್ಪನ ಕಾರು ಆ ಕಡೆ ಬಾಡಿಗೆ ಸಿಕ್ಕರೂ ಹೋಗುವುದಿಲ್ಲ.

ನಾನು ಡಿಗ್ರಿ ಮುಗಿಸಿ ಏರ್‌ಪೋರ್ಟಿನ ಒಂದು ಪುಸ್ತಕದಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಒಂದು ಕಪಾಟಿನ ತುಂಬ ಮಾಂಗಾ. ಕಳೆದ ವರ್ಷ ಹೊಸ ಪೆಟ್ಟಿಗೆ ಬಿಚ್ಚಿ ಜೋಡಿಸುವಾಗ ಗಿಡ್ಡ ಮೇಜಿನ ಚಿತ್ರ ಕಣ್ಣಿಗೆ ಬಿತ್ತು. ಅದೇ ಹುಡುಗಿ, ಅದೇ ಮೀನು. ಈ ಪ್ರತಿಗೆ ರಟ್ಟಿತ್ತು, ನಮ್ಮದರಲ್ಲಿ ಇಲ್ಲದ ಆ ಮೊದಲ ಹಾಳೆಯೂ ಇತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ನಿಲ್ಲಿ, ಇದು ಪುಸ್ತಕದ ಕೊನೆ, ಈ ಕಥೆಯನ್ನು ಆ ತುದಿಯಿಂದ, ಬಲದಿಂದ ಎಡಕ್ಕೆ ಓದಬೇಕು.

ಕೌಂಟರಿನ ಹಿಂದೆ ನಿಂತುಕೊಂಡೇ ಓದಿದೆ. ಒಬ್ಬ ಹುಡುಗ ಒಂಟಿಯಾಗಿ ಅನ್ನ ನೋಡುತ್ತ ಕೂತಿರುವಲ್ಲಿಂದ ಕಥೆ ಶುರು. ತಾನು ಹುಡುಗನಲ್ಲ, ಹುಡುಗಿ ಎಂದು ಮನೆಯವರಿಗೆ ಹೇಳುತ್ತಾಳೆ. ಅಪ್ಪ ಬಾಗಿಲು ಬಡಿದುಕೊಂಡು ಹೋಗುತ್ತಾನೆ, ಆದರೆ ವಾಪಸು ಬರುತ್ತಾನೆ. ಅಮ್ಮ ಅಳುತ್ತಾಳೆ, ಆಮೇಲೆ ಲಂಗ ಹೊಲಿಯುತ್ತಾಳೆ. ಕೂದಲು ಬೆಳೆಯುತ್ತದೆ. ಕೊನೆಯ ಪುಟದಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತು ಅಪ್ಪ ತನ್ನ ಮೀನನ್ನು ಮಗಳ ಕಡೆ ತಳ್ಳುತ್ತಾನೆ. ಈಗ ಪ್ರಶ್ನೆ ಮೊದಲು ಬರುತ್ತಿತ್ತು, ಉತ್ತರ ಆಮೇಲೆ. ಬಿಲ್ ಮಾಡಿಸಲು ಬಂದವರು ನನ್ನ ಮುಖ ನೋಡಿ "ಆರ್ ಯೂ ಓಕೆ?" ಅಂದರು. ಆ ಕಪಾಟಿನಲ್ಲಿ ಇಂಥ ಕಥೆಗಳು ಇನ್ನೂ ಇವೆ, ಎಲ್ಲವನ್ನೂ ಓದಿದ್ದೇನೆ. ಒಂದೊಂದರಲ್ಲಿ ಅಪ್ಪ ಮಾತಾಡುವುದು ಆರನೆಯ ಸಂಪುಟದಲ್ಲಿ, ಒಂದೊಂದರಲ್ಲಿ ಹತ್ತನೆಯದರಲ್ಲಿ. ನಮ್ಮಪ್ಪನಿಗೆ ಎಷ್ಟು ಬೇಕೋ.

ನಲ್ಲೂರಿನ ತೋಪು ಇದೆ, ಮಕ್ಕಳು ಅಲ್ಲಿಗೆ ಹೋಗುವುದಿಲ್ಲ. ನಮ್ಮ ರಾಗಿ ಹೊಲ ಲೇಔಟಾಗಿದೆ. ದೊಡ್ಡತ್ತೆಗೂ ಈಗ ಸೀರೆ ಇಡುತ್ತೇವೆ. ಈ ಸಲದ ಹಬ್ಬದಲ್ಲೂ ಬಾಗಿಲು ಮುಚ್ಚಿ ಅಂಗಳದಲ್ಲಿ ಕೂತೆವು. ಈಗ ಮೂರೇ ಜನ. ಬಾಗಿಲು ತೆಗೆದ ಅಪ್ಪ ಎಡೆ ನೋಡಲಿಲ್ಲ, ಮೊದಲು ಸೀರೆಯ ಮಡಿಕೆ ನೋಡಿದ. ಪ್ರತಿ ವರ್ಷ ಹಾಗೇ ನೋಡುತ್ತಾನೆ. ಮಡಿಕೆ ಅಂಗಡಿಯಲ್ಲಿ ಇದ್ದ ಹಾಗೇ ಇತ್ತು. "ಯಾರೂ ಬಂದಿಲ್ಲ" ಎಂದು ಹೋಗಿ ಜಗಲಿಯ ಮೇಲೆ ಕೂತ.

ನಾನು ಹಿತ್ತಿಲಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. ಒಂದು ವರ್ಷದಿಂದ ನುಂಗಿಕೊಂಡಿದ್ದನ್ನು ಹೇಳಿದೆ. "ಅಕ್ಕ, ನಾವು ಆ ಪುಸ್ತಕಾನ ಉಲ್ಟಾ ಓದಿದ್ವಿ. ಕೊನೇಲಿ ಎಲ್ಲಾ ಸರಿ ಹೋಗುತ್ತೆ ಕಣೇ ಅದ್ರಲ್ಲಿ."

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ನಂಗೆ ಅವಾಗ್ಲೇ ಗೊತ್ತಿತ್ತು," ಅಂದಳು. "ಆ ಮೊದಲ್ನೇ ಹಾಳೆ ಹರಿದಿದ್ದು ನಾನೇ. ಸರಿಯಾಗಿ ಓದಿದ್ರೆ ನಿಂಗೆ ಅರ್ಥ ಆಗೋದು. ಅರ್ಥ ಆದ್ರೆ ನೀನು ಮನೇಲಿ ಹೇಳ್ಬಿಡ್ತಿದ್ದೆ."

"ನಾನು ಹೇಳ್ತೀನಿ ಅಂತ ಗೊತ್ತಿದ್ದೂ ಅವತ್ತು ನನ್ನನ್ಯಾಕೆ ಕಾವಲಿಗೆ ನಿಲ್ಲಿಸ್ದೆ?"



"ಇನ್ಯಾರಿದ್ರೇ ನಂಗೆ?" ಅಂದಳು.

ಆಮೇಲೆ ಅವಳೇ ಮಾತು ತಿರುಗಿಸಿ, ಈ ಸಲ ಕಜ್ಜಾಯ ಹೇಗಾಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಅವತ್ತಿನಿಂದ ನಾನು ಕಜ್ಜಾಯ ಬಾಯಿಗಿಟ್ಟಿಲ್ಲ ಎಂದು ಹೇಳಬೇಕಿತ್ತು, ಹೇಳಲಿಲ್ಲ.