ಪಾಮನಕಲ್ಲೂರಿನ ನಡುವಿನ ಬಾವಿ

ನೆಲ ನಡುಗಿದ ಮರುದಿನ ಕಾಲುವೆಗೆ ಕಲ್ಲು ಕಟ್ಟುವ ಕೆಲಸ ಬಿಟ್ಟು ಸಿಂಧನೂರಿನಲ್ಲಿ ಮುಂಜಾನೆಯ ಬಸ್ ಹತ್ತಿದೆ. ಮಸ್ಕಿಗೆ ಹದಿನೇಳು ಮೈಲು, ಚಾರ್ಜು ಮುಕ್ಕಾಲು ರೂಪಾಯಿ. ಪಾಮನಕಲ್ಲೂರಿನಲ್ಲಿ ನಾನು ಕಟ್ಟಿದ ಬಾವಿಯೊಂದು ಕುಸಿದಿದೆ ಎಂದು ಸುದ್ದಿ ಬಂದಿತ್ತು. ಅದರ ಪಕ್ಕದ್ದೇ ನನ್ನ ತಂಗಿ ಗಂಗವ್ವನ ಹೊಲದ ಬಾವಿ.

ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟವನು ನಾನು. ಆದರೆ ಬಂಡೆಯಲ್ಲಿ ಬಿರುಕು ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರು ಆ ಸೀಮೆಯಲ್ಲಿ ಇರಲಿಲ್ಲ. ನೀರು ಬಿರುಕಿನ ಗುಂಟ ಹರಿಯುತ್ತದೆ. ಅದಕ್ಕೇ ನಾವು ಬಾವಿಗಳನ್ನು ಅದರ ಮೇಲೆಯೇ ಸಾಲಾಗಿ ತೋಡುತ್ತೇವೆ. ಅಲ್ಲಿ ಮೂರು ತೋಡಿದ್ದೆ. ನಡುವಿನದು ಗಂಗವ್ವನದು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಹಟ್ಟಿಯ ಗಣಿಯಲ್ಲಿ ದುಡಿಯುವವನು. ನನ್ನ ಮಾತು ಕೇಳಿ ಅಂದ:

"ಬಿದ್ದ ಬಾವಿ ಬಿಡ್ರಿ. ಒಂದು ಕಡೆ ಬಂಡೆಗಲ್ಲು ಜಾರಿದ್ರ ಅದು ಹೊತ್ತಿದ್ದ ಭಾರ ಬಾಜೂದ್ದರ ಮ್ಯಾಲೆ ಬೀಳತೈತಿ. ಗಣ್ಯಾಗ ನಾವು ಆ ಬಾಜೂದ್ದರ ಹತ್ತರ ನಾಕು ದಿನ ಹೋಗಂಗಿಲ್ಲ."

"ಇಪ್ಪತ್ತು ವರ್ಷ ಬಂಡೆಗಲ್ಲು ಒಡದೀನಿ, ನನಗ ಹೇಳ್ತೀಯೇನು?" ಎಂದು ಮುಖ ತಿರುಗಿಸಿದೆ.

ಮಸ್ಕಿಯಿಂದ ಎತ್ತಿನ ಬಂಡಿ. ಬಿಸಿಲೇರುವ ಹೊತ್ತಿಗೆ ಊರು ಮುಟ್ಟಿ, ತಂಗಿ ಕೊಟ್ಟ ರೊಟ್ಟಿ, ಪುಂಡಿಪಲ್ಯ ತಿಂದು ಅವಳ ಬಾವಿಗೆ ಇಳಿದೆ. ನೀರು ಒಂದು ಮೆಟ್ಟಿಲು ಮೇಲೇರಿ ಕೆಂಪಗಾಗಿತ್ತು. ಸುತ್ತಿಗೆಯಿಂದ ಗೋಡೆ ಬಡಿದು ನೋಡಿದೆ. ಎಲ್ಲ ಕಡೆ ಗಟ್ಟಿ ಸದ್ದು.

"ಒಂದ ಕಲ್ಲೂ ಮಿಸುಕಿಲ್ಲ" ಎಂದೆ.

"ನೀರು ಕೆಂಪಾಗ್ಯಾವಲ್ಲಣ್ಣಾ, ಎರಡು ದಿನ ಬಿಡಾನೇನು?" ಗಂಗವ್ವ ಕೇಳಿದಳು.

"ನನಗ ಕಲಸ್ತೀಯೇನವ್ವಾ?"

ಅವಳ ಗಂಡ ಹನುಮಂತ ನಕ್ಕ. "ನಿಮ್ಮಣ್ಣ ಕಟ್ಟಿದ ಬಾವಿ ಬೇ. ನಾ ಬಿದ್ದೇನು, ಅದು ಬೀಳಂಗಿಲ್ಲ."

ಮರುದಿನ ಬೆಳಿಗ್ಗೆ ನಾನು ಕುಸಿದ ಬಾವಿಯ ಕಲ್ಲು ಎತ್ತಿಸುತ್ತಿದ್ದಾಗ ನೆಲ ಮತ್ತೊಮ್ಮೆ ನಡುಗಿತು. ಮೊದಲಿನದಕ್ಕಿಂತ ಸಣ್ಣದು, ಮನೆಗಳ ಹಂಚು ಸಹ ಜಾರಲಿಲ್ಲ. ಗಂಗವ್ವನ ಬಾವಿಯ ಕಡೆಯಿಂದ ಮಾತ್ರ ಧೂಳೆದ್ದಿತು. ಹನುಮಂತ ನೀರು ತುಂಬಲು ಕೆಳಗಿಳಿದಿದ್ದ. ನಾನು ಜೋಡಿಸಿದ ಒಂದೊಂದೇ ಕಲ್ಲನ್ನು ನಾನೇ ಎತ್ತಿ ಅವನನ್ನು ಹೊರಗೆ ತೆಗೆಯುವಾಗ ಹೊತ್ತು ಮುಳುಗಿತ್ತು.

ಗಂಗವ್ವ ನನ್ನನ್ನು ಬೈಯಲಿಲ್ಲ.

ಹನುಮಂತನನ್ನು ಮಣ್ಣು ಮಾಡಿ ಬಂದ ಮರುದಿನ ಮೂರನೆಯ ಬಾವಿಯ ಬಾಯಿಗೆ ಜಾಲಿಮುಳ್ಳು ಹಚ್ಚಿದೆ. ಅದು ಮುದುಕ ಸಿದ್ದಪ್ಪನದು. ಅವನು ಕೂಗುತ್ತಾ ಬಂದ:

"ಏ ತಮ್ಮಾ, ಮುಳ್ಳು ಯಾಕ ಹಚ್ಚಾಕತ್ತಿ? ನೀನ ಕಟ್ಟಿದ್ದಲ್ಲೇನು? ಒಂದ ಕಲ್ಲೂ ಮಿಸುಕಿಲ್ಲ ನೋಡು."

"ನನ್ನ ತಂಗಿ ಬಾವ್ಯಾಗೂ ಮಿಸುಕಿದ್ದಿಲ್ಲ, ಕಾಕಾ."

ಅವನಿಗೆ ಗಣಿಯವನ ಮಾತನ್ನೇ ಹೇಳಿದೆ. ನಂಬಿದನೋ ಇಲ್ಲವೋ, ಗೊತ್ತಾಗಲಿಲ್ಲ.

ನಾನು ಊರಿಗೆ ಬಂದ ಐದನೆಯ ದಿನ ಮಸ್ಕಿಗೆ ಹೊರಟ ಬಂಡಿ ಹತ್ತಿದೆ. ಹೊಲದ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಸಿದ್ದಪ್ಪನ ಬಾವಿಯ ಮುಳ್ಳಿನ ಮುಂದೆ ಗಂಗವ್ವ ಕೂತಿದ್ದಳು. ಕೊಡ ಹೊತ್ತು ಬಂದವರನ್ನು ಕೈಬೀಸಿ ಹಿಂದಕ್ಕೆ ಕಳಿಸುತ್ತಿದ್ದಳು. ನನ್ನ ಬಂಡಿಯ ಕಡೆ ನೋಡಲಿಲ್ಲ.