ಅಣ್ಣನ ಹಸಿರು ಕಾಯಿ

ಗಂಗೊಳ್ಳಿ ಅಳಿವೆಯಲ್ಲಿ ದೋಣಿ ಮಗುಚಿದಾಗ ಅದರಲ್ಲಿದ್ದ ಉಳಿದವರೆಲ್ಲ ಸಿಕ್ಕಿದರು. ಕೆಲವರು ಈಜಿ ದಡ ಸೇರಿದರು, ಕೆಲವರ ಹೆಣ ಸಿಕ್ಕಿತು. ನನ್ನ ಅಣ್ಣ ಮಾತ್ರ ಎರಡೂ ಬಗೆಯಲ್ಲಿ ಸಿಗಲಿಲ್ಲ. ಉತ್ತರಕ್ರಿಯೆಯ ಮಾತೆತ್ತಲು ಅಮ್ಮ ಯಾರಿಗೂ ಬಿಡಲಿಲ್ಲ.

"ಹೆಣ ಕಾಣ್ದೆ ಎಂತ ಬೊಜ್ಜ? ಬೇರೆ ಬೋಟಿನವ್ರ್ ಎತ್ಕಂಡ್ ಹೋಯಿರ್ಕ್."

ಬೀಜಾಡಿಯ ನಮ್ಮ ಮನೆಯಲ್ಲಿ ಅಂದಿನಿಂದ ಅವನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅವನಿದ್ದಾಗ, ಮಳೆಗಾಲದಲ್ಲಿ ದೋಣಿಗಳು ದಡಕ್ಕೆ ಬಂದ ಮೇಲೆ, ನಾವು ನಾಲ್ವರೂ ಜಗಲಿಯಲ್ಲಿ ಲೂಡೋ ಆಡುತ್ತಿದ್ದೆವು. ಹಸಿರು ಕಾಯಿ ಅವನದು. ಅಮ್ಮನ ಕಾಯಿ ಎದುರಿಗೇ ಸಿಕ್ಕಿದರೂ ಹೊಡೆಯದೆ ಬೇರೆ ಕಾಯಿ ನಡೆಸುತ್ತಿದ್ದ. "ಹ್ವಾಯ್, ಇದ್ ಆಟವಾ, ಅಮ್ಮನ ಸೇವೆಯಾ?" ಎಂದು ಅಪ್ಪ ರೇಗಿಸುತ್ತಿದ್ದರು.

ಕೆಲವು ವರ್ಷ ಕಳೆದವು. ನಾನು ಕೆಲಸಕ್ಕಿದ್ದ ಕುಂದಾಪುರದ ಟೈಪಿಂಗ್ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ತಂದು ಹಳೆಯದನ್ನು ನನಗೆ ಕೊಟ್ಟರು. ಅದರಲ್ಲಿ ಲೂಡೋ ಇತ್ತು. ಅಪ್ಪ, ಅಮ್ಮನನ್ನು ಕರೆದು ಕೂರಿಸಿದೆ. ಆಡುವವರಿಲ್ಲದ ಬಣ್ಣವನ್ನು ಕಂಪ್ಯೂಟರೇ ಆಡುತ್ತಿತ್ತು. ಆಟಗಾರರ ಹೆಸರು ಬರೆಯುತ್ತಿದ್ದಾಗ ಅಮ್ಮ ಹಸಿರಿನ ಮೇಲೆ ಬೆರಳಿಟ್ಟಳು.

"ಅಲ್ಲ್ ಅವ್ನ್ ಹೆಸ್ರ್ ಹಾಕ್."

ಅಪ್ಪ ಎದ್ದು ಹೊರಗೆ ಹೋದರು. ನಾನು ಹೆಸರು ಹಾಕಿದೆ. ಅವನ ಸರದಿ ಬಂದಾಗಲೆಲ್ಲ ಆ ಹೆಸರು ಮಿನುಗುತ್ತಿತ್ತು, ದಾಳ ತಾನಾಗಿ ಉರುಳುತ್ತಿತ್ತು, ಯಾರೂ ಮುಟ್ಟದ ಕಾಯಿ ಮನೆ ದಾಟಿ ಹೋಗುತ್ತಿತ್ತು. ನಾನು ಪರದೆಯಿಂದ ಕಣ್ಣು ತಪ್ಪಿಸುತ್ತಿದ್ದೆ. ಅಮ್ಮ ಮಾತ್ರ ಮಗಳಾದ ನನ್ನನ್ನು ಕರೆದು ತೋರಿಸಿ ನಗುತ್ತಿದ್ದಳು.

"ಕಾಣ್ ಹೆಣೆ, ನನ್ ಕಾಯಿ ಹೊಡುಕೆ ಮನ್ಸ್ ಇಲ್ಲೆ ಅವ್ನಿಗೆ."

ನಿಜಕ್ಕೂ ಆ ಮೊದಲ ದಿನಗಳಲ್ಲಿ ಹಸಿರು ಅವಳ ಕಾಯಿಯನ್ನು ಹೊಡೆಯಲಿಲ್ಲ. ಅದೃಷ್ಟವಷ್ಟೇ ಎಂದು ನನಗೆ ಗೊತ್ತಿತ್ತು. ಆದರೂ ಅಡುಗೆಮನೆಯಲ್ಲಿದ್ದಾಗ ಚಾವಡಿಯಿಂದ ಅಮ್ಮನ ಮಾತು ಕೇಳಿದರೆ, ಮರುಮಾತು ಬಂದೀತೇನೋ ಎಂದು ಕಿವಿಗೊಡುತ್ತಿದ್ದೆ. "ಎಂತ ತಿಂದೆ? ಚಳಿ ಆತಿಲ್ಯಾ?" ಎಂದು ಕೇಳಿ, ಅವಳು ಸುಮ್ಮನೆ ಕಾಯುತ್ತಿದ್ದಳು. ದಾಳ ಉರುಳುವ ಸದ್ದಷ್ಟೇ ಕೇಳುತ್ತಿತ್ತು.

ಒಂದು ಭಾನುವಾರ ಅಮ್ಮನ ಕೊನೆಯ ಕಾಯಿ ನಡುವಿನ ಮನೆ ಸೇರಿ ಹಣ್ಣಾಗುವುದರಲ್ಲಿತ್ತು. ಹಸಿರು ಹಿಂದಿನಿಂದ ಬಂದು ಅದನ್ನು ಹೊಡೆಯಿತು. ಗೆದ್ದವರಿಗೆ ತಟ್ಟುವ ಚಪ್ಪಾಳೆಯಂತಹ ಸದ್ದು ಬಂತು.

ನಾನು ತಟ್ಟನೆ ಸ್ವಿಚ್ ಆರಿಸಿದೆ. ಅಮ್ಮ ಕಪ್ಪು ಪರದೆಯನ್ನೇ ನೋಡುತ್ತ ಕುಳಿತಳು.

"ಇದ್ ಅವ ಅಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅವ ಎಲ್ಲೂ ಇಲ್ಲೆ ಅಲ್ದಾ ಹೆಣೆ?"

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಅಳಲಿಲ್ಲ. ಸಂಜೆ ಅಪ್ಪ ಬಂದಾಗ, "ಭಟ್ರಿಗೆ ಹೇಳಿ ಬನ್ನಿ" ಎಂದಷ್ಟೇ ಹೇಳಿದಳು.

ದರ್ಭೆಯಲ್ಲಿ ಅವನ ಆಕಾರ ಕಟ್ಟಿ ಕಡಲ ದಡದಲ್ಲಿ ಕ್ರಿಯೆ ಮಾಡಿದೆವು. ಭಟ್ಟರು ಹೆಸರು ಕೇಳಿದಾಗ ಅಪ್ಪ ಕಡಲಿನ ಕಡೆ ಮುಖ ತಿರುಗಿಸಿದರು. ಹಿಂದೆ ನಿಂತಿದ್ದ ಅಮ್ಮ, ಊಟಕ್ಕೆ ಕರೆಯುವವಳ ಹಾಗೆ ದೊಡ್ಡದಾಗಿ ಆ ಹೆಸರು ಕೂಗಿದಳು. ಅಪ್ಪ ಮರಳಿನ ಮೇಲೆ ಕುಸಿದು ಕುಳಿತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.