ಕರೆವ್ವನ ಗದ್ದದ ಹಚ್ಚೆ

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾಹೀದಳ ಫೋಟೋ ಸ್ಟುಡಿಯೋ ಇದೆ. ಮೊದಲು ಅದನ್ನು ನಡೆಸುತ್ತಿದ್ದವನು ಅವಳ ಅಪ್ಪ. ಆರು ವರ್ಷದ ಹಿಂದೆ ಅವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದಾಗ, ಅಂಗಡಿ ಮುಚ್ಚಬಾರದೆಂದು ನಾಹೀದ ಕ್ಯಾಮೆರಾ ಹಿಡಿದಳು. ಮಾತು ತೊದಲುತ್ತಿದ್ದ ಅಪ್ಪನನ್ನು ಏನು ಕೇಳುವುದೆಂದು, ಕೆಲಸ ಕಲಿಸೆಂದು ಕೇಳಲೇ ಇಲ್ಲ. ಕ್ಯಾಮೆರಾದ ಮೇಲಿನ ಗಾಲಿಯನ್ನು ‘ಆಟೋ’ಕ್ಕೆ ತಿರುಗಿಸಿಟ್ಟು ಗುಂಡಿ ಒತ್ತುವುದಷ್ಟೇ ಅವಳಿಗೆ ಗೊತ್ತಿದ್ದ ವಿದ್ಯೆ. ಮುಖ ಕಪ್ಪಾಗಿ ಬಂದರೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿ ಕೊಡುತ್ತಿದ್ದಳು. ಬಂದವರು ಅದಕ್ಕೆ ಖುಷಿಯನ್ನೇ ಪಡುತ್ತಿದ್ದರು.

ಹೋದ ವರ್ಷ ಪುರ್ತಗೇರಿಯಿಂದ ಕರೆವ್ವ ಎಂಬ ಮುದುಕಿ ಒಬ್ಬಳೇ ಬಂದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು.

“ಗ್ವಾಡಿಗೆ ಹಾಕೋವಂಥಾ ದೊಡ್ಡ ಫೋಟೋ ತಗಿಯವ್ವಾ. ಇಲ್ಲಂದ್ರ ನಾ ಸತ್ತಮ್ಯಾಲ ಆಧಾರ ಕಾರ್ಡಿನ ಮಾರಿನ ದೊಡ್ಡದು ಮಾಡಿ ತೂಗಹಾಕ್ತಾರ. ಅದ್ರಾಗ ನಾ ಕಳ್ಳಿ ಕಂಡಂಗ ಕಾಣ್ತೀನಿ.”

ನಾಹೀದ ನಕ್ಕು, ಬಿಳಿ ಪರದೆಯ ಮುಂದೆ ಅವಳನ್ನು ಕೂರಿಸಿ ತೆಗೆದಳು. ಮುಖ ತೀರಾ ಕಪ್ಪಾಗಿ ಬಂತು. ರೂಢಿಯಂತೆ ಬೆಳ್ಳಗೆ ಮಾಡಿದಳು, ಸುಕ್ಕು ಅಳಿಸಿದಳು. ನಾಲ್ಕು ದಿನ ಬಿಟ್ಟು ಬಂದ ಕರೆವ್ವ ಫೋಟೋವನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

“ಚಲೋ ಐತಿ. ಆದ್ರ ಇಕಿ ಯಾರವ್ವಾ?”

“ನೀವ ಅಲ್ಲೇನ್ರಿ, ಆಯಿ.”

“ಹಂಗಾರ ನನ್ನ ಗದ್ದದ ಹಚ್ಚಿ ಎಲ್ಲಿ ಹೋತು?”

ಕರೆವ್ವನ ಗದ್ದದ ಮೇಲೆ ಮೂರು ಹಸಿರು ಚುಕ್ಕೆಗಳಿದ್ದವು. ಒಂಬತ್ತು ವರ್ಷದವಳಿದ್ದಾಗ ಅವಳ ತಾಯಿ ತೊಡೆಯ ಮೇಲೆ ಮಲಗಿಸಿಕೊಂಡು ಹಾಕಿಸಿದ್ದು. “ನಮ್ಮವ್ವಂದು ಅಂತ ನನ್ನ ಹಂತ್ಯಾಕ ಇರೂದು ಇದೊಂದ” ಎಂದಳು. ಸಿಟ್ಟು ಮಾಡಲಿಲ್ಲ. ಫೋಟೋವನ್ನು ಮೇಜಿನ ಮೇಲೆ ಇಟ್ಟು ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ನಾಹೀದ ಮೊದಲು ತೆಗೆದ ಚಿತ್ರವನ್ನು ತೆರೆದು ನೋಡಿದಳು. ಅದರಲ್ಲೂ ಹಚ್ಚೆ ಕಪ್ಪಿನಲ್ಲಿ ಮುಳುಗಿತ್ತು. ತಾನು ಅಳಿಸುವ ಮೊದಲೇ ಕ್ಯಾಮೆರಾ ಅದನ್ನು ಕಳೆದಿತ್ತು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ನರೇಗಲ್ಲಿಗೆ ಹೋದಳು. ಅಪ್ಪನ ಗೆಳೆಯ, ನಿವೃತ್ತ ಚಿತ್ರಕಲಾ ಮಾಸ್ತರ ಸಂಗನಬಸವ ಅಲ್ಲಿದ್ದರು. ಹೊಲಗಳಲ್ಲಿ ಅಲೆದು ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಅವರಿಗೆ. ಅವಳ ಮಾತು ಕೇಳಿ ಒಳಗಿನಿಂದ ಒಂದು ಕರಿ ಕಂಬಳಿ, ಒಂದು ಬಿಳಿ ಧೋತರ ತಂದು ಅಂಗಳದಲ್ಲಿ ಹಾಸಿದರು. ಆಟೋದಲ್ಲೇ ಒಂದೊಂದನ್ನೂ ಹತ್ತಿರದಿಂದ ತೆಗೆ ಎಂದರು. ತೆಗೆದಳು. ಎರಡೂ ಬೂದಿ ಬಣ್ಣಕ್ಕೆ ಬಂದಿದ್ದವು.

“ನೋಡವ್ವಾ, ಕರಿದ್ಯಾವ್ದು, ಬಿಳಿದ್ಯಾವ್ದು ಅದಕ್ಕ ತಿಳಿಯೂದಿಲ್ಲ. ಕರಿದು ಕಂಡ್ರ ಬೆಳಕು ಹೆಚ್ಚು ಮಾಡ್ತೈತಿ, ಬಿಳಿದು ಕಂಡ್ರ ಕಡಿಮಿ ಮಾಡ್ತೈತಿ. ನಿನ್ನ ಬಿಳಿ ಪರದೆ ನೋಡಿ ಆ ಮುದುಕೀನ್ನ ಕತ್ತಲಕ್ಕ ನೂಕೈತಿ. ಹೇಳಾವ್ರು ನಾವ ಇರಬೇಕು.”

ನಾಲ್ಕು ಭಾನುವಾರ ಅವಳು ಹೋಗಿ ಬಂದಳು. ಲೆನ್ಸಿನ ಕಿಂಡಿಯನ್ನು ಮಾಳಿಗೆ ಮನೆಯ ಬೆಳಕಿಂಡಿಯೆಂದು ತಿಳಿ ಎಂದರು ಮಾಸ್ತರು. ಅದನ್ನು ಎಷ್ಟು ಅಗಲ ತೆರೆಯುವುದು, ಎಷ್ಟು ಹೊತ್ತು ತೆರೆದಿಡುವುದು, ಬಂದಷ್ಟು ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕಾಗಿರಬೇಕು, ಇಷ್ಟೇ ಲೆಕ್ಕ. ಚುರುಕು ಅತಿಯಾದರೆ ಚಿತ್ರ ರವೆ ಚೆಲ್ಲಿದಂತೆ ಒಡೆಯುತ್ತಿತ್ತು. ತೆರೆದಿಡುವ ಹೊತ್ತು ಹೆಚ್ಚಾದರೆ ಎಲ್ಲ ಕಲಸಿಹೋಗುತ್ತಿತ್ತು.

ಸಂಜೆ ಮನೆಯಲ್ಲಿ, ಕಿಟಕಿಯ ಬಳಿ ಕೂತಿರುತ್ತಿದ್ದ ಅಪ್ಪನ ಮುಖವನ್ನೇ ತೆಗೆಯುತ್ತ, ಅಂಕಿಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದು ಸಂಜೆ ಎಷ್ಟು ಸಲ ತೆಗೆದರೂ ಸರಿಹೋಗಲಿಲ್ಲ. ಅಪ್ಪ ಎಡಗೈ ಚಾಚಿದ. ಕ್ಯಾಮೆರಾ ಕೊಟ್ಟಳು. ಅವನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಕಿಂಡಿ ತೆರೆಯುವ ಗಾಲಿಯನ್ನು ಒಂದೇ ಒಂದು ಗೆರೆ ಸರಿಸಿ, “ಈ... ಈಗ” ಎಂದ. ಚಿತ್ರ ಸರಿಯಾಗಿ ಬಂತು. ನಾಹೀದಳಿಗೆ ಅಳು ತಡೆಯಲಾಗಲಿಲ್ಲ. ಲಕ್ವಾ ಹೊಡೆದಾಗಿನಿಂದ ಐದು ವರ್ಷ ಒಂದೇ ಸೂರಿನಡಿ ಇದ್ದು, ಒಂದು ದಿನವೂ ತಾನು ಅವನನ್ನು ಕೇಳಿರಲಿಲ್ಲ.

ಆಮೇಲೆ ಪುರ್ತಗೇರಿಗೆ ಹೋದಳು. ಕರೆವ್ವ ಹೊಸ್ತಿಲ ಬಳಿ ಕೂತು ಕಡಲೆ ಹಸನು ಮಾಡುತ್ತಿದ್ದಳು. ಬಾಗಿಲ ಬೆಳಕು ಒಂದು ಮಗ್ಗುಲಿನಿಂದ ಮುಖದ ಮೇಲೆ ಬೀಳುತ್ತಿತ್ತು.

“ತಡಿ, ಸೀರಿ ಬದಲಿ ಮಾಡ್ತೀನಿ.”

“ಬ್ಯಾಡ್ರಿ ಆಯಿ, ಹಿಂಗ ಇರ್ರಿ.”

ಹಿಂದಿನ ಕತ್ತಲನ್ನು ಲೆಕ್ಕಕ್ಕೆ ಹಿಡಿಯದೆ ಮುಖದ ಬೆಳಕನ್ನಷ್ಟೇ ಅಳೆದಳು. ಮೊದಲನೆಯದು ಸ್ವಲ್ಪ ಕಪ್ಪಾಯಿತು. ಕಿಂಡಿ ಇನ್ನಷ್ಟು ತೆರೆದು ಮತ್ತೆ ತೆಗೆದಳು. ನೇರಳೆ ಹಣ್ಣಿನಂಥ ಕಪ್ಪು ಮೈಬಣ್ಣ, ಒಂದೊಂದು ಸುಕ್ಕು, ಗದ್ದದ ಮೂರು ಹಸಿರು ಚುಕ್ಕೆ, ಎಲ್ಲ ಇದ್ದಲ್ಲಿಯೇ ಇದ್ದವು. ಕರೆವ್ವ ಬಹಳ ಹೊತ್ತು ನೋಡಿ ಗದ್ದ ಮುಟ್ಟಿಕೊಂಡಳು.

“ಹೌದು. ನಾನ” ಎಂದಳು. ಮರುಗಳಿಗೆ, “ಇನ್ನೊಂದು ತಗಿ, ತಲಿಮ್ಯಾಲ ಸೆರಗು ಹೊಚ್ಕೊಂತೀನಿ” ಎಂದಳು.

ಈಗಲೂ ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಕರೆತಂದು “ಒಂದೀಟು ಬೆಳ್ಳಗ ಮಾಡ್ರಿ” ಎನ್ನುವವರಿದ್ದಾರೆ. ನಾಹೀದ ಮೊದಲಿಗೆ, ಇರುವ ಬಣ್ಣದಲ್ಲೇ ತೆಗೆದು ತೋರಿಸುತ್ತಾಳೆ. ಕೆಲವರು ಒಪ್ಪುತ್ತಾರೆ, ಕೆಲವರು ಬೇರೆ ಸ್ಟುಡಿಯೋಕ್ಕೆ ಹೋಗುತ್ತಾರೆ. ಹೋದಾಗ ಅವಳಿಗೆ ಚಿಂತೆಯಾಗುವುದಿಲ್ಲವೆಂದಲ್ಲ. ಮೊನ್ನೆ ಹಾಗೆ ಒಂದು ಮನೆಯವರು ಎದ್ದು ಹೊರಟಾಗ, ಬಾಗಿಲವರೆಗೆ ಹೋಗಿದ್ದ ಹುಡುಗಿ ತಿರುಗಿ ಬಂದು, ಮೆಲ್ಲಗೆ ಕೇಳಿದಳು: “ಅಕ್ಕಾರ, ಆಗ ತಗದದ್ದನ್ನ ನನ್ನ ಮೊಬೈಲಿಗಿ ಕಳಸ್ತೀರೇನ್ರಿ?”